ನಲವತ್ತೇಳನೇ ಪುಟದ ಹೆಬ್ಬೆಟ್ಟು

ಗ್ರೀಸಿನ ವಾಸನೆ, ಎಲ್ಲಿಂದ ಬಂತು ಇದು, ಕೆಳಗಿರುವುದು ಬಟ್ಟೆ ಅಂಗಡಿ, ಅಲ್ಲಿ ಗ್ರೀಸಿಗೇನು ಕೆಲಸ, ನಿಶಾತ್ ಕೀಬೋರ್ಡಿನಿಂದ ಬೆರಳು ಎತ್ತಿ ಮೂಸಿ ನೋಡಿಕೊಂಡಳು, ಬೆರಳದ್ದಲ್ಲ, ಪುಸ್ತಕದ್ದು, ಕಲ್ಲು ಒಡೆಯುವ ಯಂತ್ರದ ಹಳೇ ಇಂಗ್ಲಿಷ್ ಕೈಪಿಡಿ, ಬೆನ್ನು ಹರಿದು ಸುತಳಿ ಕಟ್ಟಿದ್ದು, ಪುಟ ತಿರುವಿದಷ್ಟೂ ವಾಸನೆ ಏಳುತ್ತದೆ. ಇಂಥವು ಮೂವತ್ತೆರಡು ಪುಸ್ತಕಗಳನ್ನು ಗಣಿಯವರು ಬ್ರೂಸ್‌ಪೇಟೆಯ ಈ ಮಾಳಿಗೆ ಆಫೀಸಿಗೆ ಕಳಿಸಿದ್ದಾರೆ, ಹಳೇ ಯಂತ್ರ ಅಂದರೆ ಹಿಂದೆ ಮುಂದೆ ನೋಡದೆ ಕೊಳ್ಳುವ ಕಾಲ ಇದು, ಯಂತ್ರದ ಜೊತೆ ಪುಸ್ತಕ, ಪುಸ್ತಕವೆಲ್ಲ ಕಂಪ್ಯೂಟರಿಗೆ, ಬರೀ ಟೈಪು ಮಾಡಿದರೆ ಸಾಲದು, ಪ್ರತಿ ಮಾತಿಗೂ ಹಿಂದೊಂದು ಮುಂದೊಂದು ಟ್ಯಾಗು ಹಾಕಬೇಕು, ಇದು ತಲೆಬರಹ, ಇದು ಹೆಜ್ಜೆ, ಇದು ಎಚ್ಚರಿಕೆ, ಮದುವೆ ಮನೆಯ ಪಾತ್ರೆಗಳಿಗೆ ಹೆಸರು ಬರೆದಿಟ್ಟ ಹಾಗೆ, ಎಕ್ಸ್‌ಎಮ್‌ಎಲ್ ಅಂತಾರೆ ಇದಕ್ಕೆ, ಹಾಗೆ ಮಾಡಿಟ್ಟರೆ ನಾಳೆ ಯಾವ ಕಂಪ್ಯೂಟರು ಬಂದರೂ ಓದುತ್ತದಂತೆ. ಮುದ್ರಣವಾದದ್ದಷ್ಟೇ ಬರಬೇಕು, ಕೈಬರಹ ಬೇಡ, ಪಂಪಾವತಿ ಮೇಡಂ ಮೊದಲ ದಿನವೇ ಹೇಳಿದ್ದಾರೆ, ಸಂಜೆ ಐದಕ್ಕೆ ಸೀಡಿ ಹೋಗುತ್ತದೆ, ಪುಸ್ತಕಗಳು ರದ್ದಿಗೆ ಹೋಗುತ್ತವೆ. ಬೀದಿಯಲ್ಲಿ ಅದಿರಿನ ಲಾರಿ ಹೋಯಿತು, ಮಾನಿಟರ್ ನಡುಗಿತು, ಆಗಲೇ ಮೂರೂವರೆ.

ಅಂಚಿನಲ್ಲಿ ಪೆನ್ಸಿಲ್ಲಿನ ಕನ್ನಡ ಗೀಚು, ಹನ್ನೆರಡನೇ ಪುಟದಲ್ಲಿ ಒಂದು, ಹತ್ತೊಂಬತ್ತರಲ್ಲಿ ಎರಡು, ಅದರ ಕೆಳಗೆ ಒಂದೊಂದು ಕಪ್ಪು ಹೆಬ್ಬೆಟ್ಟು, ಬೆಳಿಗ್ಗೆಯಿಂದ ನೋಡುತ್ತಲೇ ಇದ್ದಾಳೆ, ನೋಡಿಯೂ ನೋಡದ ಹಾಗೆ ಮುಂದೆ ಹೋಗಿದ್ದಾಳೆ, ಈಗ ಇನ್ನು ಆಗುವುದಿಲ್ಲ, ಆ ದುಂಡನೆಯ ಮ ಅಕ್ಷರ ಅವಳದೇ, ನಾಲ್ಕನೇ ಕ್ಲಾಸಿನ ಅವಳದು, ಒತ್ತಿ ಒತ್ತಿ ಬರೆದು ಮುಂದಿನ ಪುಟಕ್ಕೂ ಅಚ್ಚು ಮೂಡಿಸುತ್ತಿದ್ದವಳದು. ಕುರುಗೋಡಿನ ಮನೆ, ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಅಬ್ಬಾ ಇದೇ ಪುಸ್ತಕ ಹಿಡಿದು ಚಾಪೆ ಮೇಲೆ ಎದುರಿಗೆ ಕೂರುತ್ತಿದ್ದ, ಕ್ರಷರಿನ ಫಿಟ್ಟರ್ ಅಮೀರಸಾಬ್, ಯಂತ್ರ ಕೆಮ್ಮಿದರೆ ಎಲ್ಲಿ ನೋವು ಅಂತ ಹೇಳುವವನು, ಓದಾಕ ಮಾತ್ರ ಬಾರದು. ಬರಿಯವ್ವ ನಿಶಾ, ನಾ ಒಂದಿನ ಇಲ್ಲಂದ್ರ ಯಾರಿಗೆ ಗೊತ್ತಾಗಬೇಕು ಇದು. ಬುಕ್ಕಿನವರು ಹೊಸ ಯಂತ್ರ ನೋಡಿ ಬರದಾರ, ನಮ್ಮದು ಮುದುಕಿ ಅದ. ಅವಳು ನಾಲಗೆ ಕಚ್ಚಿಕೊಂಡು ಬರೆಯುವಳು, ಅವನು ಓದಿಸಿ ಕೇಳುವನು, ಹೂಂ ಎಂದು ತಲೆದೂಗಿ, ಎಷ್ಟು ತೊಳೆದರೂ ಹೋಗದ ಗ್ರೀಸಿನ ಹೆಬ್ಬೆಟ್ಟು ಒತ್ತುವನು, ಅದು ಅವನ ಸಹಿ, ಆಮೇಲೆ ಅವಳಿಗೊಂದು ಪೆಪ್ಪರಮೆಂಟು. ಅಮ್ಮಿ ಒಳಗಿಂದ ನಗುವಳು, ಅಪ್ಪ ಮಗಳು ಕೂಡಿ ಒಬ್ಬ ಇಂಜಿನಿಯರ್ ಆಗೀರಿ ನೋಡು ಅಂತ. ಎಷ್ಟು ಬೇಕನಿಸುತ್ತದೆ ಆ ಚಾಪೆ, ಅಬ್ಬಾ ಹೋಗಿ ಮೂರು ವರ್ಷವಾಯಿತು, ಆದರೆ ಚಾಪೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಸುರುಳಿ ಸುತ್ತಿ ಮೂಲೆ ಸೇರಿತ್ತು, ಯಾಕೆ ಅಂತ ಅವಳಿಗೆ ತಿಳಿಯಲೇ ಇಲ್ಲ.

ನಲವತ್ತೇಳನೇ ಪುಟ, ಕಲ್ಲು ಸಿಕ್ಕಿಕೊಂಡರೆ ಏನು ಮಾಡಬೇಕು, ಇಂಗ್ಲಿಷಿನಲ್ಲಿ ಆರು ಹೆಜ್ಜೆ, ಆರಕ್ಕೂ ಟ್ಯಾಗು ಹಾಕಿದಳು, ಅಂಚಿನಲ್ಲಿ ಅವಳ ಬರಹ, ದವಡೆಯಲ್ಲಿ ಕಲ್ಲು ಸಿಕ್ಕರೆ ಹಾರೆ ಹಾಕಿ ಎಬ್ಬಿಸಬೇಕು, ನಮ್ಮ ಯಂತ್ರದ ಮೈ ವಾಲಿದೆ, ಕಲ್ಲು ಸಡಿಲಾದಾಗ ಹಾರೆ ಒಂದೇ ಕಡೆ ಸಿಡಿಯುತ್ತದೆ, ಅದಕ್ಕೆ ಹಾರೆಯ, ಮುಂದೆ ಕಪ್ಪು ಕಲೆ, ಆಮೇಲೆ, ಗಡೆ ನಿಲ್ಲಬೇಕು. ಯಾವ ಗಡೆ? ಕಿಟಕಿಯ ಬೆಳಕಿಗೆ ಹಿಡಿದಳು, ಕಲೆಯ ಅಡಿಯಲ್ಲಿ ಒತ್ತಿ ಬರೆದ ಗೀಟು ಇನ್ನೂ ಇದೆ, ಬ, ಲ. ಬಲಗಡೆ. ಹೂಂ, ಅಬ್ಬಾ ಹಾಗೇ ತೋರಿಸಿದ್ದ, ನೆನಪಿದೆ, ಅವನಿಗೆ ಎಡ ಬಲ ಬಾಯಲ್ಲಿ ಬರುತ್ತಿರಲಿಲ್ಲ, ಕೈಯಲ್ಲಿ ಬರುತ್ತಿತ್ತು, ಈ ಕೈ ಕಡಿ ನಿಂದ್ರಬೇಕು ಅಂತ ಬರಿ ಎಂದು ಕೈ ಎತ್ತಿದ, ಬೆಳ್ಳಿ ತಾಯಿತ ಕಟ್ಟಿದ ಕೈ, ಅವಳ ಬಲಕ್ಕೇ ಇತ್ತು, ಬಲ ಅಂತ ಬರೆದಳು, ಎದುರಿಗೆ ಕೂತಿದ್ದನಲ್ಲ, ಎದುರಿಗೆ. ತಾಯಿತ ಅಬ್ಬಾನ ಎಡಗೈಯಲ್ಲಿರುತ್ತಿತ್ತು.

ಎಡಗೈ. ಅಂದರೆ ನಿಲ್ಲಬೇಕಿದ್ದದ್ದು ಎಡಗಡೆ. ಮಾರೆಣ್ಣ ಆಗ ಸಿರಿಗೇರಿಯಿಂದ ಕ್ರಷರಿನ ಕೆಲಸಕ್ಕೆ ಬಂದ ಹೊಸಬ, ಏಳನೇ ಕ್ಲಾಸು ಓದಿದವನು, ಅಬ್ಬಾ ಉರುಸಿಗೆಂದು ರಜಾ ಹಾಕಿದ ದಿನ ಕಲ್ಲು ಸಿಕ್ಕಿತು, ಬುಕ್ಕು ನೋಡಿ ಬಲಗಡೆ ನಿಂತಿರಬೇಕು, ಹಾರೆ ಸಿಡಿದು ಭುಜ ಮುರಿಯಿತು, ಆ ಕೈ ಮತ್ತೆ ಮೇಲೇಳಲಿಲ್ಲ. ಮಾಲೀಕ ಕೇಳಿದ್ದಕ್ಕೆ ನಾನೇ ತಪ್ಪು ಹೇಳಿದ್ದು ಸಾಹೇಬ್ರ ಅಂದನಂತೆ ಅಬ್ಬಾ, ಇಷ್ಟು ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು, ಕೆಲಸ ಹೋಯಿತು, ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಅಲೆದ, ಅವನಿಗಿಂತ ಮೊದಲೇ ಅವನ ಸುದ್ದಿ ಗಿರಣಿ ಮುಟ್ಟಿರುತ್ತಿತ್ತು, ಕೈ ಮುರಿಸಿದ ಫಿಟ್ಟರ್ ಅಂತ, ಕೊನೆಗೆ ಕೌಲ್ ಬಜಾರಿನಲ್ಲಿ ಸೈಕಲ್ ಪಂಕ್ಚರ್ ಹಾಕುತ್ತ ಕೂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು, ಎಮ್ಮೆಯೇ ಬೆನ್ನು ಕೊಟ್ಟಿತು. ಆಮೇಲೆ ಯಾವತ್ತೂ ಬರಿಯವ್ವ ಅನ್ನಲಿಲ್ಲ, ಅವಳೇ ಪೆನ್ಸಿಲ್ ಹಿಡಿದು ಹೋದರೆ ಬರೆಸೋದು ಏನೂ ಉಳಿದಿಲ್ಲವ್ವ ಅನ್ನುತ್ತಿದ್ದ, ಸಿಟ್ಟಾಗಿದ್ದಾನೆ ಅಂದುಕೊಂಡು ಅವಳೂ ಮುನಿಸಿಕೊಂಡಳು, ಮೂರ್ಖಿ, ಅವನು ಊಟಕ್ಕೆ ಕರೆದರೂ ತಿರುಗಿ ನೋಡುತ್ತಿರಲಿಲ್ಲ, ಹಾಗೇ ವರ್ಷಗಳು ಹೋದವು. ಅಬ್ಬಾ ಸತ್ತ ದಿನ ಮಾರೆಣ್ಣ ಬಂದಿದ್ದ, ಬಾಗಿಲಲ್ಲಿ ಒಂದೇ ಕೈ ಎತ್ತಿ ಮುಗಿದ, ನಿಮ್ಮಪ್ಪ ದವಾಖಾನಿಗೆ ಬಂದು ನನ್ನ ಕಾಲು ಹಿಡಕೊಂಡನವ್ವ, ಬುಕ್ಕದಾಗ ಬರದಿದ್ದು ಯಾರ ಮುಂದೂ ಅನಬ್ಯಾಡ, ಕೂಸಿಗೆ ತಿಳಿದರ ಮತ್ತ ಪೆನ್ಸಿಲ್ ಹಿಡಿಯಂಗಿಲ್ಲ ಅಂದ. ಯಾವ ಕೂಸು ಅಂತ ಕೇಳಬೇಕಿತ್ತು, ಜನ ತುಂಬಿತ್ತು, ಅಳುವಿನ ಗದ್ದಲದಲ್ಲಿ ಕೇಳಲಿಲ್ಲ.

ಯಂತ್ರ ಈಗ ಎಲ್ಲಿದೆಯೋ, ಯಾವುದೋ ಗಣಿಯಲ್ಲಿ ಅದಿರು ಅಗಿಯುತ್ತಿದೆ, ಹೊಟ್ಟೆಪಾಡಿಗೆ ಬಂದ ಯಾವನೋ ಹಾರೆ ಹಿಡಿದು ನಿಂತಿದ್ದಾನೆ, ಅವನಿಗೆ ಹೇಳುವವರು ಯಾರು, ಪುಸ್ತಕ ರದ್ದಿಗೆ ಹೋದಮೇಲೆ ಹೇಳುವವರು ಯಾರು. ಐದಕ್ಕೆ ಹತ್ತು ನಿಮಿಷ. ಆರನೇ ಹೆಜ್ಜೆಯ ಕೆಳಗೆ ಎಚ್ಚರಿಕೆಯ ಟ್ಯಾಗು ತೆರೆದಳು, ಯಂತ್ರದ ಮೈ ವಾಲಿದೆ, ಹಾರೆಯ ಎಡಗಡೆ ನಿಲ್ಲಬೇಕು, ಇಂಗ್ಲಿಷಿನಲ್ಲಿ, ಅಬ್ಬಾನ ಮಾತು ಇಂಗ್ಲಿಷಿಗೆ ಹೋದಾಗ ಎಷ್ಟು ಚಿಕ್ಕದಾಯಿತು, ಹೇಳಿದವರು ಅಮೀರಸಾಬ್, ಫಿಟ್ಟರ್, ಕುರುಗೋಡು, ಟ್ಯಾಗು ಮುಚ್ಚಿದಳು. ಪಂಪಾವತಿ ಮೇಡಂ ಬೆನ್ನ ಹಿಂದೆ ನಿಂತಿದ್ದು ಆಗ ಗೊತ್ತಾಯಿತು. ಇದು ಮುದ್ರಣದಾಗ ಐತೇನು? ಇಲ್ರಿ ಮೇಡಂ. ಮತ್ತ ಯಾರದಿದು ಗೀಚು, ಗಣಿಯವರು ಫೈಲು ವಾಪಸ್ ಒಗದರ ನಿನ್ನ ಕೆಲಸ ಹೋಗ್ತೈತಿ, ತಿಳೀತಾ. ಅವಳು ತಿರುಗಲಿಲ್ಲ, ಗೀಚು ನಂದಽ ಐತ್ರಿ, ತಪ್ಪೂ ನಂದಽ, ಮಾತು ನಮ್ಮ ಅಬ್ಬಾಂದು, ಅದು ಇರಲಿ ಬಿಡ್ರಿ. ಮೇಡಂ ಪುಟವನ್ನು ನೋಡಿದರು, ಅವಳನ್ನು ನೋಡಿದರು, ಬೇರೆಯವರ ಫೈಲು ಕೇಳುತ್ತ ಮುಂದೆ ಹೋದರು.

ಪುಸ್ತಕ ಮುಚ್ಚಬೇಕು, ಕೈ ಬರುತ್ತಿಲ್ಲ, ಈ ಕಲೆಗೆ ಯಾವ ಟ್ಯಾಗು, ಮಾತಲ್ಲ, ಚಿತ್ರವಲ್ಲ, ಬೇರೆ ಪುಟಗಳಲ್ಲೆಲ್ಲ ಹೆಬ್ಬೆಟ್ಟು ಬರಹದ ಕೆಳಗಿದೆ, ಸಹಿಯ ಜಾಗದಲ್ಲಿ, ಇಲ್ಲಿ ಕೆಳಗೂ ಒಂದಿದೆ, ಹಳೆಯದು, ಮೇಲೆ ಇದೊಂದು, ಮಾರೆಣ್ಣನ ಕೈ ಹೋದಮೇಲೆ ಬಂದು ಒತ್ತಿದ್ದು, ಸರಿಯಾಗಿ ಆ ಎರಡು ಅಕ್ಷರಗಳ ಮೇಲೆ, ಒಂದಿಷ್ಟೂ ಆಚೆ ಈಚೆ ಆಗಿಲ್ಲ, ಒತ್ತಿ, ತಿಕ್ಕಿ, ಮತ್ತೆ ಒತ್ತಿ, ಕಾಗದ ತೆಳ್ಳಗಾಗಿದೆ, ಓದಲು ಬಾರದವನು, ಯಾರನ್ನು ಕೇಳಿದನೋ, ಯಾರು ಬೆರಳಿಟ್ಟು ತೋರಿಸಿದರೋ, ಇಡೀ ಪುಸ್ತಕದಲ್ಲಿ ಅಬ್ಬಾ ಓದಿದ್ದು ಆ ಎರಡೇ ಅಕ್ಷರ, ಅವಳ ಬ, ಅವಳ ಲ, ಅದರ ಮೇಲೆ ಅವನ ಹೆಬ್ಬೆಟ್ಟು, ಅದರ ಮೇಲೆ, ಅವನ ಹೆಬ್ಬೆಟ್ಟು