ಮೇಷ್ಟ್ರು ಎತ್ತಿ ತೋರಿಸಿದ ಅಕ್ಷರ

ಹಾರನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಮಗಳಿಗೆ ಬಿಟ್ಟುಕೊಟ್ಟು ಮಾಲಿನಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬರಲಿಲ್ಲ. ಕರಿಯಯ್ಯ ಮೇಷ್ಟ್ರು ಬೆಳಿಗ್ಗೆ ಫೋನ್ ಮಾಡಿ, "ಪುಸ್ತಕ ಓದ್ದೆ ಮಗಾ. ನಿನ್ನ ಹತ್ರ ಒಂದು ಕೇಳೋದೈತೆ, ಬಂದೋಗು" ಅಂದಿದ್ದರು. ಏನು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ನನ್ನ ಬಗ್ಗೆ ಪುಸ್ತಕದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಬರೆದಿದ್ದಾರೆ, ನೀನೊಬ್ಬಳು ಯಾಕೆ ಬರೆಯಲಿಲ್ಲ ಅಂತ ತಾನೇ? ಅದಕ್ಕೊಂದು ಉತ್ತರವನ್ನು ಅರಸೀಕೆರೆ ಬಿಟ್ಟಾಗಿನಿಂದ ಕಟ್ಟುತ್ತಲೇ ಇದ್ದಳು. ಯಾವುದೂ ನಿಲ್ಲುತ್ತಿರಲಿಲ್ಲ.

ಮಗಳು ಇಂದುವಿಗೆ ಉಬ್ಬಸ. ಗಂಡ ರಾಹುಲ್‌ಗೆ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ. ಚಳಿ ಬಂತೆಂದರೆ ಮಗುವಿನ ಹತ್ತಿರ ಯಾರಾದರೊಬ್ಬರು ಇರಲೇಬೇಕು. ಹೋದ ವರ್ಷ ಇದೇ ದಿನಗಳಲ್ಲಿ ಮಾಲಿನಿ ಶಾಲೆಯ ಕೆಲಸ ಬಿಟ್ಟು, ಕೇಳಿದವರಿಗೆ ಕೇಳಿದ್ದನ್ನು ಮನೆಯಲ್ಲೇ ಕೂತು ಬರೆದುಕೊಡುವ ಕೆಲಸ ಹಿಡಿದಿದ್ದಳು. ಬಂಧುಗಳೆಲ್ಲ ಮೂಗು ಮುರಿದರು. ಬೆನ್ನು ತಟ್ಟಿದವರು ಅವಳಿಗೆ ಅಕ್ಷರ ಕಲಿಸಿದ ಈ ಮೇಷ್ಟ್ರು ಒಬ್ಬರೇ. "ಬರಿ ಮಗಾ. ನಿನ್ನ ಹೆಸರಿರೋ ಒಂದು ಹಾಳೆ ತಂದು ನನ್ನ ಕೈಗೆ ಕೊಡು, ಸಾಕು."

ವರ್ಷ ತುಂಬಿತು. ಬರೆದದ್ದೇನು ಕಮ್ಮಿಯೇ? ಗಾಣದೆಣ್ಣೆ ಮಾರುವವರಿಗೆ ಕೊಬ್ಬರಿಯ ಗುಣಗಾನ, ಮುಖಂಡರಿಗೆ ರಾಜ್ಯೋತ್ಸವದ ಭಾಷಣ, ಬೇಲೂರಿನ ಹೋಟೆಲೊಂದಕ್ಕೆ 'ಶಿಲ್ಪದ ನಾಡಿನಲ್ಲಿ ಮನೆಯೂಟ', ನಿವೃತ್ತರಾದವರಿಗೆ ಬಿನ್ನವತ್ತಳೆ, ಸತ್ತವರಿಗೆ ಶ್ರದ್ಧಾಂಜಲಿ. ಒಮ್ಮೆ, ಮುಖವನ್ನೇ ಕಂಡಿರದ ಯಾರದೋ ಅಜ್ಜಿಯ ಬಗ್ಗೆ, 'ಉಪ್ಸಾರಿನಲ್ಲಿ ಅದ್ದಿ ನೀನು ಬಾಯಿಗಿಟ್ಟ ಮುದ್ದೆಯ ತುತ್ತು ಇನ್ನೂ ಗಂಟಲಲ್ಲಿದೆ' ಎಂದು ಬರೆದಿದ್ದಳು. ಅದನ್ನು ಓದಿ ಮೊಮ್ಮಕ್ಕಳೆಲ್ಲ ಅತ್ತರಂತೆ. ಅವತ್ತು ಮಾಲಿನಿಗೆ ಊಟ ಸೇರಲಿಲ್ಲ. ಆ ತುತ್ತು ಅವಳ ಸ್ವಂತ ಅಜ್ಜಿ ಮುದ್ದಮ್ಮನದು. ಕೊಟ್ಟಾಗಿತ್ತು. ಇನ್ನು ತನಗೆಂದು ಅದನ್ನು ಬರೆಯುವ ಹಾಗಿರಲಿಲ್ಲ.

ಹೀಗೇ, ಮಗಳು ಮಲಗಿದ ಮೇಲೆ ಕೂತು, ಒಳಗಿದ್ದದ್ದನ್ನು ಒಂದೊಂದಾಗಿ ತೆಗೆದು ಊರವರಿಗೆಲ್ಲ ಕೊಡುತ್ತಾ ಬಂದಳು. ಯಾವುದರಲ್ಲೂ ಅವಳ ಹೆಸರಿರಲಿಲ್ಲ.

ಆಗ ಬಂದದ್ದು ಮೇಷ್ಟ್ರ ಅಭಿನಂದನ ಗ್ರಂಥ. ಕಣಕಟ್ಟೆ ಕಡೆಯ ಶಾಲೆಯಲ್ಲಿ ಅವರ ಕೈಕೆಳಗೆ ಓದಿದವರು ಸೇರಿ ಸಮಿತಿ ಮಾಡಿದ್ದರು. ಪ್ರೆಸ್ಸಿನ ಗುರುಮೂರ್ತಿ ಅದರ ಕಾರ್ಯದರ್ಶಿ. ಹಳೆಯ ವಿದ್ಯಾರ್ಥಿಗಳೆಲ್ಲ ಒಂದೊಂದು ಲೇಖನ ಕೊಡುವುದೆಂದು ಮಾತಾಗಿತ್ತು. ಯಾರೂ ಕೊಡಲಿಲ್ಲ.

"ನೀವೇ ಎಲ್ಲಾರ್ಗೂ ಫೋನ್ ಮಾಡಿ, ಕೇಳಿ ಬರ್ದುಬಿಡಿ ಮೇಡಂ. ಕೆಳಗೆ ಅವರವರ ಹೆಸರು ಹಾಕೋಣ" ಅಂದ ಗುರುಮೂರ್ತಿ.

"ಕೇಳ್ದೆ ಸಾರ್. ಏನೂ ನೆನಪಿಲ್ಲ ಅಂತಾರೆ."

"ಬರೆಯೋರು ನೀವಿರೋವಾಗ, ನೆನಪಿಟ್ಕೊಳ್ಳೋ ಕಷ್ಟ ಅವರಿಗ್ಯಾಕ್ರೀ?"

ಅವಳ ಜೊತೆಯಲ್ಲೇ ಓದಿ, ಈಗ ದೊಡ್ಡ ಕಂಟ್ರಾಕ್ಟರ್ ಆಗಿದ್ದ ನಟರಾಜನಂತೂ ಫೋನಿನಲ್ಲೇ ನಕ್ಕಿದ್ದ. "ಮೇಷ್ಟ್ರಾ? ದೇವರಂಥೋರು ಕಣೇ. ಹೊಡೀತಿದ್ರು. ಅಷ್ಟೇ ನಂಗೆ ಗೊತ್ತಿರೋದು. ನೀನೇ ಏನಾದ್ರೂ ಜೋಡ್ಸು. ಫೋಟೋ ಮಾತ್ರ ನಾನು ಕಳಿಸಿದ್ದೇ ಹಾಕ್ಸು, ಆಯ್ತಾ?"

ಬೇರೆಯವರಿಗೆ ನೆನಪಿಲ್ಲದ್ದು ಅವಳಿಗೆ ನೆನಪಿತ್ತು. ತನ್ನ ಸ್ಲೇಟು ಒಡೆದ ದಿನ ಮೇಷ್ಟ್ರು ತಮ್ಮ ಮನೆಯ ಸ್ಲೇಟನ್ನೇ ತಂದುಕೊಟ್ಟದ್ದು ಒಬ್ಬರ ಪಾಲಾಯಿತು. ಜ್ವರ ಬಂದಾಗ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದ್ದು ಇನ್ನೊಬ್ಬರದಾಯಿತು. ಒಂದನ್ನು ಮಾತ್ರ ಮಾಲಿನಿ ಯಾರಿಗೂ ಕೊಡದೆ ಎತ್ತಿಟ್ಟುಕೊಂಡಳು. ಕೊನೆಯ ಪುಟ ನನಗಿರಲಿ ಎಂದು ಗುರುಮೂರ್ತಿಗೆ ಹೇಳಿಯೂ ಇಟ್ಟಿದ್ದಳು.

ಅದು ಹಳೇಬೀಡಿನ ಪ್ರವಾಸ. ಉಳಿದ ಮಕ್ಕಳು ಗೋಡೆಯ ಬುಡದ ಆನೆಸಾಲಿನ ಹಿಂದೆ ಓಡುತ್ತಿದ್ದಾಗ ಮೇಷ್ಟ್ರು ಅವಳನ್ನು ಕರೆದು, ಸೊಂಟ ಹಿಡಿದು, ಒಂದು ವಿಗ್ರಹದ ಪಾದದವರೆಗೆ ಎತ್ತಿದ್ದರು. ಅಂಗಿಯಲ್ಲಿ ಸೀಮೆಸುಣ್ಣದ ವಾಸನೆ. ತೋಳು ನಡುಗುತ್ತಿತ್ತು.

"ಕೆಳಗೆ ಏನ್ ಕಾಣ್ತದೆ?"

"ಅಕ್ಷರ ಸಾರ್. ಓದಕ್ಕಾಗಲ್ಲ."

"ಹಳೇ ಕಾಲದ ಅಕ್ಷರ. ಕೆತ್ತಿದವನ ಹೆಸರು ಅದು. ಕಟ್ಟಿಸಿದವನದಲ್ಲ, ಕೆತ್ತಿದವಂದು. ಕೆಲಸ ಮಾಡವ್ನೆ, ಹೆಸರು ಹಾಕವ್ನೆ. ಸರಿಯಾಗಿ ನೋಡ್ಕೊ ಮಗಾ."

ಪುಸ್ತಕ ಅಚ್ಚಿಗೆ ಹೋಗುವ ದಿನ ಇಂದುವಿಗೆ ಉಬ್ಬಸ ಏರಿತು. ಆಸ್ಪತ್ರೆಯ ಬೆಂಚಿನ ಮೇಲೆ ಮಗಳನ್ನು ಒರಗಿಸಿಕೊಂಡು, ಔಷಧಿಯ ಹೊಗೆ ಬರುವ ಮಾಸ್ಕನ್ನು ಒಂದು ಕೈಯಲ್ಲಿ ಅವಳ ಮುಖಕ್ಕೆ ಹಿಡಿದಿದ್ದಾಗ ಗುರುಮೂರ್ತಿಯ ಫೋನು ಬಂತು.

"ಮೇಡಂ, ನಟರಾಜಣ್ಣಂದು ಬಂದೇ ಇಲ್ವಲ್ಲ! ಅಚ್ಚಿನ ಖರ್ಚೆಲ್ಲ ಅವರದೇ. ಅವರ ಪುಟ ಖಾಲಿ ಬಿಡಕ್ಕಾಗ್ತದಾ? ಹುಡುಗ್ರು ಮಿಷಿನ್ ಮುಂದೆ ನಿಂತವ್ರೆ."

ಮಾಲಿನಿ ಒಳಗೆಲ್ಲ ತಡಕಾಡಿದಳು. ಏನೂ ಉಳಿದಿರಲಿಲ್ಲ. ಮಗಳ ಎದೆ ಗೊರಗೊರ ಎನ್ನುತ್ತಿತ್ತು. ಇನ್ನೊಂದು ಕೈಯಲ್ಲಿ ಫೋನಿನ ಮೇಲೇ ಬೆರಳಾಡಿಸಿ ಬರೆದು ಕಳಿಸಿದಳು. ಹಳೇಬೀಡು ನಟರಾಜನ ಪಾಲಾಯಿತು.

"ಸೂಪರ್ ಮೇಡಂ! ಮತ್ತೆ ನಿಮ್ದು?"

"ನಂದು ಬೇಡ ಬಿಡಿ ಸಾರ್."

ಅವಳ ಪುಟದಲ್ಲಿ ಸಮಿತಿಯ ಗ್ರೂಪ್ ಫೋಟೋ ಬಂತು.

ಮೇಷ್ಟ್ರ ಮನೆಯ ಬಾಗಿಲು ತೆಗೆದವರು ಸೊಸೆ ಹೇಮಲತಾ. ಇಂದುವಿನ ಕೆನ್ನೆ ಸವರಿ, ದನಿ ತಗ್ಗಿಸಿ ಹೇಳಿದರು: "ಮಾವಂಗೆ ಮರೆವು ಶುರುವಾಗೈತೆ ಕಣಮ್ಮ. ಹಾಸನದ ಡಾಕ್ಟ್ರಿಗೂ ತೋರಿಸ್ದೋ. ಮಂಕಾಗಿ ಕೂತ್ಬಿಟ್ಟಿದ್ರು. ನೀವೆಲ್ಲ ಸೇರಿ ಮಾಡಿದ ಪುಸ್ತಕ ಬಂದ್ಮೇಲೇ ಗೆಲುವಾಗಿರೋದು. ರಾತ್ರಿ ತಲೆದಿಂಬಿನ ಪಕ್ಕದಲ್ಲೇ ಇಟ್ಕೊಂಡು ಮಲಗ್ತಾರೆ."

ಮೇಷ್ಟ್ರು ನಡುಮನೆಯ ಕುರ್ಚಿಯಲ್ಲಿದ್ದರು. ತೊಡೆಯ ಮೇಲೆ ಪುಸ್ತಕ.

"ಬಾ ಮಗಾ, ಕೂತ್ಕೊ. ನೋಡು, ಒಬ್ಬೊಬ್ಬನೂ ಎಷ್ಟು ನೆನಪಿಟ್ಕೊಂಡವ್ನೆ! ಜೀವಮಾನೆಲ್ಲ ಮಾಡಿದ್ದು ನೀರಲ್ಲಿ ಹೋಮ ಅಂದ್ಕೊಂಡಿದ್ದೆ. ಇಲ್ಲ ಕಣಮ್ಮ. ಇಷ್ಟು ಜನ ಮರೆತಿಲ್ಲ." ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. "ಡಾಕ್ಟ್ರು ಏನೇನೋ ಪರೀಕ್ಷೆ ಮಾಡ್ತಾರೆ. ನನ್ನ ಪರೀಕ್ಷೆ ಇದು. ಒಂದೊಂದೇ ಓದಿ ಕಣ್ಮುಚ್ತೀನಿ, ನೆನಪಾಯ್ತದಾ ಅಂತ."

"ಆಗ್ತದಾ ಸಾರ್?"

"ಆಗೋದು ಆಯ್ತದೆ. ಅದನ್ನೇ ನಿನ್ನ ಕೇಳ್ಬೇಕಿತ್ತು." ಮೇಷ್ಟ್ರು ಬಾಗಿಲ ಕಡೆ ನೋಡಿ, ಸೊಸೆ ಒಳಗೆ ಹೋಗಿರುವುದನ್ನು ಖಾತ್ರಿ ಮಾಡಿಕೊಂಡರು. "ಯಾರದನ್ನ ಓದಿದ್ರೂ ನಿನ್ನ ಮುಖಾನೇ ಬರ್ತದೆ ಮಗಾ. ಸ್ಲೇಟು ಕೊಟ್ಟಿದ್ದೂ ನಿಂಗೆ, ಸೈಕಲ್ಲಲ್ಲಿ ಕೂರಿಸ್ಕೊಂಡೋಗಿದ್ದೂ ನಿನ್ನನ್ನೇ ಅನ್ನಿಸ್ತದೆ. ಹಳೇಬೀಡಲ್ಲಿ ಎತ್ತಿದ್ದು ನಿನ್ನನ್ನೇ ಅಂತ ದೇವರ ಮುಂದೆ ಬೇಕಾದ್ರೂ ಹೇಳ್ತಿದ್ದೆ. ಇಲ್ಲಿ ನೋಡಿದ್ರೆ ನಟರಾಜ ಬರ್ದವ್ನೆ, ಅವನನ್ನಂತೆ. ತೋಳು ನಡುಗಿದ್ದೂ ಬರ್ದವ್ನೆ. ಸುಳ್ಳು ಯಾಕೆ ಬರೀತಾನೆ ಪಾಪ? ನನ್ನ ತಲೆನೇ ಕೆಟ್ಟಿರೋದು."

ನೀನು ಯಾಕೆ ಬರೆಯಲಿಲ್ಲ ಎಂದು ಅವರು ಕೇಳಲೇ ಇಲ್ಲ.

ಮಾಲಿನಿಯ ಬಾಯಿಗೆ ಮಾತು ಬಂದಿತ್ತು. ನಿಮ್ಮ ತಲೆ ಸರಿಯಾಗಿದೆ ಸಾರ್, ಎಲ್ಲವೂ ನಾನೇ. ಹಾಗೆಂದರೆ ಮೇಷ್ಟ್ರ ನೆನಪು ಮೇಷ್ಟ್ರಿಗೆ ವಾಪಸು ಬರುತ್ತದೆ. ಆದರೆ ತೊಡೆಯ ಮೇಲಿನ ಪುಸ್ತಕ? ಮರೆಯದ ಅಷ್ಟೂ ಜನ ಒಂದೇ ಮಾತಿಗೆ ಎದ್ದು ಹೋಗುತ್ತಾರೆ. ಉಳಿಯುವವಳು ತಾನೊಬ್ಬಳು. ರಾತ್ರಿ ತಲೆದಿಂಬಿನ ಪಕ್ಕದಲ್ಲಿ ಇವರು ಏನಿಟ್ಟುಕೊಂಡು ಮಲಗಬೇಕು?

"ಇಬ್ಬರನ್ನೂ ಎತ್ತಿದ್ರಿ ಸಾರ್," ಅಂದಳು. ವರ್ಷವೆಲ್ಲ ಬರೆದ ಕೈ, ಕಟ್ಟುವುದು ಕಷ್ಟವಾಗಲಿಲ್ಲ. "ಮೊದಲು ನನ್ನ ಎತ್ತಿದ್ರಿ. ಆಮೇಲೆ ನಟರಾಜ ತನಗೂ ತೋರಿಸಿ ಅಂತ ಹಟ ಮಾಡ್ದ. ಅದಕ್ಕೇ ತೋಳು ನಡುಗಿದ್ದು."

"ಹೌದಾ?" ಮೇಷ್ಟ್ರ ಮುಖ ಅರಳಿತು. "ಹಂಗಾರೆ ನನ್ನ ನೆನಪು ಪೂರ್ತಿ ಹೋಗಿಲ್ಲ."

"ಎಲ್ಲಿ ಹೋಗಿದೆ ಸಾರ್. ನೀವು ಎಲ್ಲಾರ್ಗೂ ಹಂಗೇ ಮಾಡ್ತಿದ್ರಿ."

ಇಂದು ಬಂದು ಅಮ್ಮನ ಮಂಡಿಗೆ ಒರಗಿ ನಿಂತಳು. ಮೇಷ್ಟ್ರು ಕಣ್ಣು ಮುಚ್ಚಿದರು. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ತಂದು, ಯಾರನ್ನೋ ಸೊಂಟ ಹಿಡಿದು ಎತ್ತುವವರಂತೆ ಮೆಲ್ಲಗೆ ಮೇಲಕ್ಕೆತ್ತಿದರು. ಬಹಳ ಹೊತ್ತು ಹಾಗೇ ಇದ್ದರು. ಹಣೆಯ ಮೇಲೆ ಗೆರೆ ಮೂಡಿತು.

"ನಿನ್ನ ಭಾರ ಗೊತ್ತಾಗ್ತದೆ ಮಗಾ," ಅಂದರು ಕಣ್ಣು ತೆರೆಯದೆಯೇ. "ಅವನದು ಗೊತ್ತಾಗ್ತಿಲ್ಲ. ಎಷ್ಟು ಎತ್ತಿದ್ರೂ ಬರೀ ಕೈ."

"ಆಗ ಸಣ್ಣಕ್ಕಿದ್ದ ಸಾರ್ ಅವನು. ಹಗುರವಾಗಿದ್ದ."

ಮೇಷ್ಟ್ರು ತಲೆಯಾಡಿಸಿದರು. ಕೈಗಳನ್ನು ಇನ್ನಷ್ಟು ಮೇಲೆತ್ತಿ, ಮತ್ತೊಮ್ಮೆ ಹುಡುಕತೊಡಗಿದರು.