ಇಂಜಿನ್ನಿನ ಬಿಸಿನೀರು

"ಹಂಗಾದ್ರ ಉಳಿದ ಅರ್ಧ ಎಣ್ಣಿ ಯಾರ ಮನೀಗೆ ಹೋತು?" ಎಂದು ಪರಮೇಶ್ವರಪ್ಪ ಮಗಳನ್ನು ಕೇಳಿದ.

ಬನವಾಸಿ ದಾರಿಯಲ್ಲಿದ್ದ ಅವನ ಅಕ್ಕಿ ಗಿರಣಿಯಲ್ಲಿ ಇಂಜಿನ್ನು ಕುಡಿಯುವ ಎಣ್ಣೆಗೂ ಅಕ್ಕಿಯಾಗುವ ಭತ್ತಕ್ಕೂ ತಾಳೆಯಿಲ್ಲವೆಂದು ಅವನ ಗುಮಾನಿ. ಇಂಜಿನ್ನು ನಡೆಸುವ ಮಡಿವಾಳಪ್ಪ ಎಣ್ಣೆ ಕದಿಯುವುದು ಖಾತ್ರಿಯಾದರೆ ಅಂದೇ ಅವನನ್ನು ಕೆಲಸದಿಂದ ಬಿಡಿಸಲು ನಿಶ್ಚಯಿಸಿದ್ದ. ಪರಮೇಶ್ವರಪ್ಪ ತನ್ನ ನೆರಳನ್ನೂ ನಂಬದ ಆಸಾಮಿ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ವೇದಾ ರಜೆಗೆ ಬಂದದ್ದೇ ತಡ, ಲೆಕ್ಕಕ್ಕೆ ಕೂರಿಸಿದ್ದ.

ವೇದಾ ಸ್ಲೇಟಿನ ಮೇಲೆ ಮತ್ತೊಮ್ಮೆ ಬರೆದು ತೋರಿಸಿದಳು. ಸವಕಳಿ, ತಿಕ್ಕಾಟ ಒಂದೂ ಇಲ್ಲದ ಆದರ್ಶ ಯಂತ್ರವನ್ನೇ ತೆಗೆದುಕೊಂಡು, ಕೆಲ್ವಿನ್ ಮಾಪಿನಲ್ಲಿ ಒಳಗಿನ ಬಿಸಿ ಆರುನೂರು, ಹೊರಗಿನದು ಮುನ್ನೂರು ಎಂದು ಹಿಡಿದರೂ ನೂರು ಪಾಲು ಶಾಖದಲ್ಲಿ ಕೆಲಸಕ್ಕೆ ಒದಗುವುದು ಐವತ್ತೇ. ಉಳಿದದ್ದನ್ನು ಹೊರಗೆ ಚೆಲ್ಲಲೇಬೇಕು. ನಮ್ಮ ಹಳೇ ಇಂಜಿನ್ನಿಗೆ ಅಷ್ಟೂ ದಕ್ಕದು ಎಂದಳು.

"ಯಾರೂ ಕದ್ದಿಲ್ಲಪ್ಪಾ. ಅದು ಹೊಗಿಯೊಳಗ, ತೊಟ್ಟಿ ನೀರಿನೊಳಗ ಹೋಗತೈತಿ."

ತೊಟ್ಟಿ ಎಂಬ ಮಾತೊಂದೇ ಅವನಿಗೆ ನಾಟಿತು. ಇಂಜಿನ್ನಿನ ಮೈ ತಣಿಸಿದ ನೀರು ಆ ತೊಟ್ಟಿಗೆ ಬಿಸಿಯಾಗಿ ಬಂದು ಬಿದ್ದು, ಅಲ್ಲಿಂದ ಮತ್ತೆ ಇಂಜಿನ್ನಿಗೇ ಹೋಗುತ್ತಿತ್ತು. ಓಣಿಯ ಹೆಂಗಸರು ಒಂದು ಕೊಡ ಬಾವಿಯ ತಣ್ಣೀರು ಸುರಿದು ಒಂದು ಕೊಡ ಬಿಸಿನೀರು ಒಯ್ಯುವುದು ಮಡಿವಾಳಪ್ಪ ಹಾಕಿಕೊಟ್ಟ ರೂಢಿ. ಬಾಣಂತಿ ಇರುವ ಮನೆಗೆ ಮೊದಲ ಸರದಿ. ತನ್ನ ಎಣ್ಣೆ ಊರವರ ಬಚ್ಚಲಿಗೆ ಹರಿಯುತ್ತಿದೆ, ಕಳ್ಳ ಸಿಕ್ಕಿಬಿದ್ದ ಎಂದು ಪರಮೇಶ್ವರಪ್ಪ ಒಳಗೊಳಗೇ ಹಿಗ್ಗಿದ. ಮರುದಿನವೇ ತೊಟ್ಟಿಗೆ ಹಲಗೆ ಮುಚ್ಚಿ ಕೀಲಿ ಜಡಿದ. ಇಂಜಿನ್ನಿಗೆ ಕೇಡೆಂದು ಮಡಿವಾಳಪ್ಪ ಎಷ್ಟು ಹೇಳಿದನೋ ಅಷ್ಟೂ ಗುಮಾನಿ ಬಲಿಯಿತು.

ಊಟದ ಹೊತ್ತಿಗೆ ತೊಟ್ಟಿ ಕುದಿಯತೊಡಗಿತು. ಇಂಜಿನ್ನು ಕಿರುಗುಟ್ಟಿತು. ಮಡಿವಾಳಪ್ಪ ಓಡಿಬಂದು ಎಣ್ಣೆ ಕಟ್ಟಿ ನಿಲ್ಲಿಸಿದ. ಇನ್ನೊಂದು ಗಳಿಗೆ ಓಡಿದ್ದರೆ ಪಿಸ್ಟನ್ನು ಅಲ್ಲೇ ಹಿಡಿದುಕೊಳ್ಳುತ್ತಿತ್ತು.

ವೇದಾಳಿಗೆ ಸಿಟ್ಟು ತಡೆಯಲಿಲ್ಲ. "ಚೆಲ್ಲಲೇಬೇಕು ಅಂತ ಹೇಳಿದ್ದೆನಲ್ಲಪ್ಪಾ. ಆ ಹೆಣ್ಮಕ್ಕಳ ತಣ್ಣೀರಿನಿಂದ ಇಂಜಿನ್ನು ಉಳದಿತ್ತು."

ಪರಮೇಶ್ವರಪ್ಪನ ಮುಖ ಸಣ್ಣದಾಯಿತು. ನಾಚಿಕೆಯಿಂದಲೇ ಕೀಲಿಕೈಯನ್ನು ಮಡಿವಾಳಪ್ಪನತ್ತ ಚಾಚಿದ. ಅವನು ಮುಟ್ಟಲಿಲ್ಲ.

"ನಿಮ್ಮ ಕಡೇನ ಇರಲಿ ಸಾವ್ಕಾರ್ರ. ನಾಳೆ ಏನರ ಕಡಿಮಿ ಬಿದ್ರ ನೀವು ಮತ್ತ ನನ್ನ ಮುಖಾನ ನೋಡ್ತೀರಿ."

ಸಂಜೆ ಹೋದ ಮಡಿವಾಳಪ್ಪ ಮರುದಿನ ಬರಲಿಲ್ಲ. ಇಂಜಿನ್ನು ಶುರುವಾಗಲಿಲ್ಲ. ಪರಮೇಶ್ವರಪ್ಪ ತಾನೇ ಹಲಗೆ ತೆಗೆದಿಟ್ಟು ಬಾಗಿಲಲ್ಲಿ ಕಾದ. ಬಾಣಂತಿ ಮಗಳಿಗೆಂದು ಓಣಿಯ ಸಿದ್ದವ್ವ ಸೊಂಟದಲ್ಲಿ ತಣ್ಣೀರ ಕೊಡ ಹೊತ್ತು ಬಂದಳು. ತೊಟ್ಟಿಯೊಳಗೆ ಬೆರಳದ್ದಿ ನೋಡಿದಳು, ನೀರು ತಣ್ಣಗಿತ್ತು. ತುಂಬಿದ ಕೊಡವನ್ನು ಇಳಿಸದೆ ಹಾಗೇ ಹಿಂದಿರುಗಿದಳು.