ಗೋಧಿಯ ಬುಡದಲ್ಲಿ ಬಿಳಿ ಚುಕ್ಕೆ

ಏನೋ ಮಿನುಗಿತು, ತೆನೆಗಳ ಬುಡದಲ್ಲಿ, ಗಾಜಿನ ಚೂರಿರಬೇಕು ಎಂದು ಸಬ್ರಿಯಾ ಬಗ್ಗಿದಳು, ಚೂರಲ್ಲ, ಅಂಗೈಯಗಲದ ಭೂತಗನ್ನಡಿ, ಎರಡು ಕಲ್ಲಿನ ಮೇಲೆ ಯಾರೋ ಜೋಪಾನವಾಗಿ ಓರೆ ಮಾಡಿ ಇಟ್ಟದ್ದು, ಅದರ ಕೆಳಗೆ ಒಣಹುಲ್ಲಿನ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ, ಚುಕ್ಕೆಯಿಂದ ಎಳೆಯಷ್ಟು ಹೊಗೆ — ಅವಳ ನೆರಳು ಬಿದ್ದದ್ದೇ ಚುಕ್ಕೆ ಆರಿತು, ಹೊಗೆ ನಿಂತಿತು, ಅವಳ ಉಸಿರೂ. ಮುಟ್ಟಬೇಡ, ಕೈ ಹಿಂದಕ್ಕೆ ತಗೋ, ಪಕ್ಕದ ಹೊಲದ ಮುತ್ಲಗ್ ಹೀಗೇ ಒಂದನ್ನು ಎತ್ತಲು ಹೋಗಿದ್ದ, ಕೆಳಗೆ ಬಾಂಬಿನ ತಂತಿಯಿತ್ತು, ಅವನ ಒಂದು ಚಪ್ಪಲಿ ಮಾತ್ರ... ಬೇಡ, ಅದು ಈಗ ಬೇಡ. ಬಂದೂಕು ಹಿಡಿದ ಬೈಕಿನವರು ಹೋದ ವಾರ ಹೇಳಿಹೋಗಿದ್ದರು, ಬೆಳೆಯಲ್ಲಿ ಅರ್ಧ ನಮಗೆ, ಇಲ್ಲಾಂದ್ರೆ ಬೂದಿ ಪೂರ್ತಿ ನಿಮಗೆ, ಮೈದುನ ಘಾನಿಮ್ ಅವರ ಹಿಂದೆಯೇ ಉಗಿದಿದ್ದ, ಆಗ ಅವಳೂ ನಕ್ಕಿದ್ದಳು. ನಿಂತಲ್ಲಿಂದಲೇ ಮೈದುನನಿಗೆ ಫೋನ್ ಹಚ್ಚಿದಳು. ಘಾನಿಮ್, ಸಿಕ್ತು ಕಣೋ, ನಮ್ಮ ಹೊಲದಲ್ಲೇ. ಅತ್ತಿಗೆ, ಓಡಿ ಬಂದ್ಬಿಡಿ, ಹೊಲ ಹೋದ್ರೆ ಹೋಗ್ಲಿ! ಓಡಿದ್ರೆ ಕನ್ನಡಿ ಮೇಲೆ ಬಿಸಿಲು ಬೀಳುತ್ತಲ್ಲೋ, ದಡ್ಡ, ಈ ಗಾಳಿಗೆ ಇಡೀ ಮಖ್ಮೂರ್ ಬಯಲು ಹೊತ್ಕೊಳ್ಳುತ್ತೆ, ಊರು ಚಳಿಗಾಲಕ್ಕೆ ಏನ್ ತಿನ್ನುತ್ತೆ, ಬಾಂಬ್ ತೆಗೆಯೋರನ್ನ ಕರಿ. ಎರಡು ನಿಮಿಷಕ್ಕೆ ಮತ್ತೆ ಅವನದೇ ಫೋನು, ಕರೆದೆ, ಬರ್ತಿದ್ದಾರೆ, ಅಲ್ಲಾಡಬೇಡಿ.

ಅಲ್ಲಾಡದೆ ಹೇಗೆ, ನಡುಮಧ್ಯಾಹ್ನ, ನೆರಳು ಕಾಲಡಿಗೆ ಸೇರುತ್ತಿದೆ, ಕನ್ನಡಿಯ ಒಂದು ಅಂಚು ಆಗಲೇ ಹೊಳೆಯುತ್ತಿದೆ, ಅರ್ಧ ಹೆಜ್ಜೆ ಎಡಕ್ಕೆ ಇಡಬೇಕು, ಎಡಕ್ಕೂ ಹೂತಿಟ್ಟಿದ್ದರೆ, ಶಾಲು ಹೊದಿಸೋಣವೆಂದರೆ ಗಾಳಿಗೆ ಅದರ ಚುಂಗು ತಂತಿಗೆ ತಾಗಿದರೆ — ಯಾ ಅಲ್ಲಾಹ್, ಇಟ್ಟಳು, ಏನೂ ಆಗಲಿಲ್ಲ, ನೆರಳು ಮತ್ತೆ ಕನ್ನಡಿಯನ್ನು ಮುಚ್ಚಿತು, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಎಷ್ಟು ಹೊತ್ತಾಯಿತು, ತೊಡೆ ಮರಗಟ್ಟಿದೆ, ಯಾರೋ ತೆವಳುತ್ತಾ ಬರುತ್ತಿದ್ದಾರೆ, ಬಾಂಬ್ ತೆಗೆಯುವ ದಪ್ಪ ಅಂಗಿಯವನು, ಚಿಕ್ಕ ವಯಸ್ಸು. ಅಮ್ಮಾ, ಹಾಗೇ ನಿಂತಿರಿ, ನಿಮ್ಮ ನೆರಳಲ್ಲೇ ಕೆಲಸ ಮಾಡ್ತೀನಿ. ಅವನು ಮಣ್ಣನ್ನು ಬೆರಳಿಂದ ಸರಿಸಿದ, ತಂತಿ ಇತ್ತು, ಕತ್ತರಿ ಕಟ್ ಎಂದಿತು, ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು, ಲೋಕ ಹಾಗೇ ಇತ್ತು. ಆಯ್ತಮ್ಮಾ, ಕನ್ನಡಿ ಚೀಲಕ್ಕೆ ಹಾಕಿದೆ, ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬನ್ನಿ. ರಸ್ತೆಯಿಂದ ಘಾನಿಮ್ ಕೂಗುತ್ತಿದ್ದಾನೆ, ಅತ್ತಿಗೆ, ಬನ್ನಿ, ಹೊಲ ಉಳೀತು! ಉಳಿಯಿತು, ಗೋಧಿ ತಲೆದೂಗುತ್ತಿದೆ, ಆದರೆ ಕಾಲು ಏಳುತ್ತಿಲ್ಲ, ಸರಿದರೆ ಬಿಸಿಲು ಬೀಳುತ್ತದೆ, ಬರಿ ಮಣ್ಣಿನ ಮೇಲೆ ಇನ್ನೂ ನೆರಳು ಹಿಡಿದು ನಿಂತಿದ್ದಾಳೆ, ಕಣ್ಣು ತೆರೆದರೆ ಬಿಳಿ ಚುಕ್ಕೆ, ಮುಚ್ಚಿದರೂ ಬಿಳಿ ಚುಕ್ಕೆ